ಗೆರೆ ಇಳಿಯುವ ಜಾಗ

ಸೆಪ್ಟೆಂಬರ್ 9, ಮಂಗಳವಾರ

ನನ್ನ ವಕೀಲ ಹಾರ್ಲನ್ ಟ್ರಿಬಲ್ ಇವತ್ತು ಒಂದು ವಿಚಿತ್ರ ಸಂಗತಿ ಹೇಳಿದರು. ಕೇಸು ಕೋರ್ಟಿಗೆ ಬರುವ ಮೊದಲೇ ಅದನ್ನು ಒಂದು ಸಲ ಬಾಡಿಗೆ ಜನರ ಮುಂದೆ ನಡೆಸಿ ನೋಡುತ್ತಾರಂತೆ. ಜಾಹೀರಾತು ಕೊಟ್ಟು ನಮ್ಮ ಈರಿ ಕೌಂಟಿಯವರನ್ನೇ ಎರಡು ಡಜನ್ ಜನ ಕರೆಸಿ, ಹೋಟೆಲಿನ ಹಾಲಿನಲ್ಲಿ ಕೂರಿಸಿ, ಊಟ ಹಾಕಿ, ನನ್ನ ಕಥೆ ಹೇಳುವುದು. ಆಮೇಲೆ ಅವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುವುದು. ಅಣಕು ಜ್ಯೂರಿ.

"ಯಾರ ಕಡೆಯವರು ಕರೆಸಿದ್ದು ಅಂತ ಮಾತ್ರ ಅವರಿಗೆ ಹೇಳಲ್ಲ," ಎಂದರು ಟ್ರಿಬಲ್. "ಹೇಳಿದ್ರೆ ನಮ್ಮನ್ನ ಮೆಚ್ಚಿಸೋಕೆ ಶುರು ಮಾಡ್ತಾರೆ."

"ನಾನೂ ಬರಬಹುದಾ?"

"ಬೇಡ ಅನ್ಸುತ್ತೆ, ಮಿಸೆಸ್ ಪಿಯಾಂಟೆಕ್. ಕೇಳಿಸಿಕೊಂಡವರು ಸಾಮಾನ್ಯವಾಗಿ ಅತ್ಕೊಂಡು ಮನೆಗೆ ಹೋಗ್ತಾರೆ."

ಅಲ್ಲಿಗೆ ನನ್ನ ನಿರ್ಧಾರ ಆಗಿಹೋಯಿತು. ನನಗೆ ಅರವತ್ತೊಂದು. ನಾನು ಕೋಣೆಯಿಂದ ಎದ್ದು ಹೋದ ಮೇಲೆ ಜನ ನನ್ನ ಬಗ್ಗೆ ಏನು ಮಾತಾಡುತ್ತಾರೆ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ತಿಳಿಯಲಿಲ್ಲ. ತಿಳಿಸುತ್ತೇವೆ ಎಂದರೆ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ.

ಸಂಜೆ ಅಣ್ಣ ಕ್ಯಾಜ್ ಬಂದ, ಪ್ರತಿ ಮಂಗಳವಾರದಂತೆ ಬಿಯರ್ ಮತ್ತು ಸಾಸೇಜು ಹಿಡಿದು. ಅವನಿಗೆ ಈ ಬಾಡಿಗೆ ಜ್ಯೂರಿಯ ಸುದ್ದಿ ಹೇಳಿದೆ. "ನನಗೆ ಹೇಳಿದ್ರೆ ದುಡ್ಡಿಲ್ದೆ ಬೈತಿದ್ನಲ್ಲೇ ಲೋರಿ," ಎಂದ. ಆಮೇಲೆ ತಾನೇ ಹೋಗಿ ಮೂಲೆಯಲ್ಲಿದ್ದ ನನ್ನ ಅಕಾರ್ಡಿಯನ್ ಪೆಟ್ಟಿಗೆ ತೆರೆದ. ಅಂಗಡಿಯೊಂದರಲ್ಲಿ ಎತ್ತರದ ಅಟ್ಟಣೆಯಿಂದ ನೆಲಹಂಚಿನ ಪೆಟ್ಟಿಗೆಗಳು ನನ್ನ ಎಡ ಹೆಗಲ ಮೇಲೆ ಬಿದ್ದು ಈ ಕೇಸು ಹುಟ್ಟಿದಾಗಿನಿಂದ ನಾನು ಅದನ್ನು ಮುಟ್ಟಿರಲಿಲ್ಲ. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಬರುವುದಿಲ್ಲ, ತಿದಿ ಎಳೆಯುವುದಂತೂ ಕನಸು. ಇನ್ನು ಇಷ್ಟೇ ಎಂದು ಡಾಕ್ಟರೂ ಹೇಳಿಯಾಗಿದೆ.

"ನೀನು ಬಲಗೈ, ನಾನು ಎಡಗೈ," ಎಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ. ಅವನು ತಿದಿ ಎಳೆದ, ನಾನು ಸ್ವರದ ಮನೆಗಳನ್ನು ಒತ್ತಿದೆ. ಹೆರಿಗೆ ನೋವಿನ ಹಸುವಿನ ಹಾಗೆ ಸದ್ದು ಬಂತು. ನನ್ನ ಬೆರಳು ಒಂದು ಕಡೆ, ತಿದಿಯ ಉಸಿರು ಇನ್ನೊಂದು ಕಡೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ನಮ್ಮ ಬ್ಯಾಂಡಲ್ಲಿ ನಲವತ್ತು ವರ್ಷ ನಿನ್ನ ಬೆನ್ನು ನೋಡ್ಕೊಂಡು ಡ್ರಮ್ ಬಡಿದಿದೀನಿ," ಎಂದ ಕ್ಯಾಜ್. "ಈಗ ಮುಖ ನೋಡೋ ಯೋಗ ಬಂತು. ಬೆನ್ನೇ ವಾಸಿ ಇತ್ತು."

ಎರಡನೇ ಹಾಡಿಗೆ ಸ್ವಲ್ಪ ಹೊಂದಿಕೊಂಡೆವು.

ಸೆಪ್ಟೆಂಬರ್ 20, ಶನಿವಾರ

ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತೇ ಸಿಗಲಿಲ್ಲ.

ಎಲ್ಲವನ್ನೂ ನಡೆಸಿದವರು ಪ್ರಿಸಿಲ್ಲಾ ಓಡಮ್ ಎಂಬ ಹೆಂಗಸು. ಕ್ಲೀವ್‌ಲ್ಯಾಂಡಿನವರು, ಮನಶ್ಶಾಸ್ತ್ರ ಓದಿದವರು. ಜ್ಯೂರಿಗಳ ಅಂಕಿಅಂಶ ಕೂಡಿಸಿ ವಕೀಲರಿಗೆ ದಾರಿ ತೋರಿಸುವುದೇ ಅವರ ಕೆಲಸ. ಎತ್ತರದ ಕಪ್ಪು ಹೆಂಗಸು, ತಗ್ಗಿದ ದನಿ, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಅಲ್ಲಿ ಬಂದ ಪ್ರತಿಯೊಬ್ಬರ ಕೈಗೂ ರೇಡಿಯೋ ಗುಬುಟಿನಂಥದ್ದೊಂದು ಕೊಟ್ಟಿದ್ದರು. ಕೇಳುತ್ತಿರುವುದು ಮನಸ್ಸಿಗೆ ಹಿಡಿಸಿದರೆ ಬಲಕ್ಕೆ, ಹಿಡಿಸದಿದ್ದರೆ ಎಡಕ್ಕೆ ತಿರುಗಿಸಬೇಕು. ನಾವಿದ್ದ ಪಕ್ಕದ ಕೋಣೆಯ ಪರದೆಯ ಮೇಲೆ ಅವರಿಗೆ ತೋರಿಸುತ್ತಿದ್ದ ನನ್ನ ಹೇಳಿಕೆಯ ವಿಡಿಯೋ, ಅದರ ಕೆಳಗೆ ಆ ಎಲ್ಲ ಗುಬುಟುಗಳ ಸರಾಸರಿಯಾಗಿ ಒಂದು ಹಸಿರು ಗೆರೆ. ನಾನು ಮಾತಾಡಿದಂತೆ ಗೆರೆ ಏರುತ್ತದೆ, ಇಳಿಯುತ್ತದೆ. ಬದುಕಿದ್ದಾರೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ನೋಡುತ್ತಾರಲ್ಲ, ಹಾಗೆ.

"ಅಂಗಡಿಯವರು ಪೆಟ್ಟಿಗೆಗಳನ್ನು ಕಟ್ಟದೆ ಪೇರಿಸಿಟ್ಟಿದ್ದರು" ಎಂದಾಗ ಏರಿತು. "ನಾನು ಅಕಾರ್ಡಿಯನ್ ನುಡಿಸುತ್ತಿದ್ದೆ" ಎಂದಾಗ ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಯಿತು. ನನಗೆ ನಂಬಿಕೆ ಬರಲಿಲ್ಲ. ಮತ್ತೆ ಹಾಕಿ ತೋರಿಸಿ ಎಂದೆ. ಮತ್ತೆ ಅಲ್ಲೇ ಇಳಿಯಿತು.

ಆಮೇಲೆ ಅವರ ಮಾತು. ಟೋಪಿ ಹಾಕಿದ್ದ ಒಬ್ಬ, "ಅಕಾರ್ಡಿಯನ್ನಾ? ಹಾಗಾದ್ರೆ ಅಂಗಡಿಯವರು ಊರಿಗೆ ಉಪಕಾರಾನೇ ಮಾಡಿದಾರೆ ಬಿಡಿ," ಅಂದ. ಹಾಲೆಲ್ಲ ಗೊಳ್ಳೆಂದಿತು. ನಾನೂ ನಕ್ಕುಬಿಟ್ಟೆ. ಟ್ರಿಬಲ್ ನನ್ನ ಮುಖ ನೋಡಿದರು.

ನನ್ನದೇ ವಯಸ್ಸಿನ, ಹೆಚ್ಚುಕಡಿಮೆ ನನ್ನದೇ ಸ್ವೆಟರ್ ಹಾಕಿಕೊಂಡಿದ್ದ ಒಬ್ಬಳು: "ಕಣ್ಣೆತ್ತಿ ಮೇಲೆ ನೋಡೋಕೆ ಇವಳಿಗೇನಾಗಿತ್ತು? ನನಗೂ ಮೊಣಕಾಲು ಮುರಿದಿತ್ತು. ನಾನೇನು ಯಾರ ಮೇಲೂ ಕೇಸ್ ಹಾಕ್ಲಿಲ್ಲ."

ದಪ್ಪ ಮೀಸೆಯ ಲಾರಿ ಡ್ರೈವರ್: "ಈಯಮ್ಮ ಗಟ್ಟಿ ಹೆಂಗಸು ಕಣ್ರೀ. ಹೇಗಾದ್ರೂ ಸುಧಾರಿಸ್ಕೊತಾಳೆ." ನನಗೆ ಎಷ್ಟು ಖುಷಿಯಾಯಿತೆಂದರೆ ಮಿಸ್ ಓಡಮ್ ಅವರ ಕಡೆ ತಿರುಗಿ ಹೆಮ್ಮೆಯಿಂದ ನೋಡಿದೆ. ಅವರು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು. "ಇಡೀ ದಿನದಲ್ಲಿ ನಮಗೆ ಹೆಚ್ಚು ನಷ್ಟ ಮಾಡೋ ಮಾತು ಇದೇ," ಎಂದರು. "ಸುಧಾರಿಸ್ಕೊಳೋರಿಗೆ ಪರಿಹಾರ ಯಾಕೆ ಬೇಕು?"

ನನ್ನಂಥವಳೇ ನನ್ನ ಮೇಲೆ ಯಾಕೆ ಉರಿದುಬಿದ್ದಳು ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. "ನೀವು ತಪ್ಪು ಮಾಡಿದೀರಿ ಅಂತ ಆಕೆ ನಂಬಲೇಬೇಕು. ಇಲ್ಲದಿದ್ರೆ ನಾಳೆ ಆಕೆಯ ಹೆಗಲ ಮೇಲೂ ಅದು ಬೀಳಬಹುದು ಅಂತಾಗುತ್ತಲ್ಲ. ನಿಮ್ಮನ್ನ ಹೋಲೋರೇ ನಿಮಗೆ ಹೆಚ್ಚು ಕಠಿಣ."

ಎಂಥ ವಿಷಯ! ಇದನ್ನು ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲ?

ಅಕ್ಟೋಬರ್ 3, ಶುಕ್ರವಾರ

ಟ್ರಿಬಲ್ ಆಫೀಸಿನಲ್ಲಿ ಮಿಸ್ ಓಡಮ್ ವರದಿ. ಒಂದು ಗುಂಪಿಗೆ ಅಕಾರ್ಡಿಯನ್ ಇರುವ ಕಥೆ, ಬೇರೆ ಹಾಲಿನಲ್ಲಿದ್ದ ಇನ್ನೊಂದಕ್ಕೆ ಇಲ್ಲದ ಕಥೆ ಹೇಳಿದ್ದರಂತೆ. ಇಲ್ಲದ ಗುಂಪು ಹೆಚ್ಚುಕಡಿಮೆ ಎರಡರಷ್ಟು ಪರಿಹಾರ ಕೊಡಿಸಿತು.

"ಹಾಗಾದ್ರೆ ಅಕಾರ್ಡಿಯನ್ ಬೇಡ," ಎಂದರು ಟ್ರಿಬಲ್.

"ಆದ್ರೆ ನಾನು ಕಳ್ಕೊಂಡಿದ್ದು ಅದನ್ನೇ," ಎಂದೆ.

"ಗೊತ್ತು. ಕಳ್ಕೊಂಡಿದ್ದನ್ನೆಲ್ಲ ಜ್ಯೂರಿ ಮುಂದೆ ಇಡೋಕಾಗಲ್ಲ. ಅವರಿಗೆ ಅರ್ಥವಾಗೋದನ್ನ ಇಡಬೇಕು."

ಗೆರೆ ಎಲ್ಲಕ್ಕಿಂತ ಮೇಲೆ ಹೋದ ಜಾಗ ತೋರಿಸಿದರು. ವಿಡಿಯೋದ ಕೊನೆಯಲ್ಲಿ, ಮನೆಯಲ್ಲಿ ಇನ್ನೇನು ಕಷ್ಟ ಎಂದು ಟ್ರಿಬಲ್ ಕೇಳಿದ್ದಕ್ಕೆ, ಕ್ಯಾಜ್‌ನ ಮೊಮ್ಮಗಳು ಟೆಸ್ಸಾಳಿಗೆ ಈಗ ಜಡೆ ಹಾಕಲು ಆಗುವುದಿಲ್ಲ ಎಂದಿದ್ದೆ. ಹೇಳಿದ್ದೂ ನೆನಪಿಲ್ಲ. ಆ ಒಂದು ಮಾತಿಗೆ ಗೆರೆ ಗುಡ್ಡ ಹತ್ತಿ ಅಲ್ಲೇ ನಿಂತಿತ್ತು. ಮೀಸೆಯ ಡ್ರೈವರ್ ಕೂಡ ಕೊನೆಯವರೆಗೆ ತಿರುಗಿಸಿದ್ದನಂತೆ.

ಸಾಕ್ಷಿಗಳ ಪಟ್ಟಿಯಿಂದ ಕ್ಯಾಜ್‌ನ ಹೆಸರು ತೆಗೆದರು. ವಾದ್ಯದ ವಿಷಯ ಇಲ್ಲದಿದ್ದರೆ ಅವನು ಹೇಳುವುದಕ್ಕೇನೂ ಉಳಿಯುವುದಿಲ್ಲವಲ್ಲ.

ಅಕ್ಟೋಬರ್ 7, ಮಂಗಳವಾರ

ಕ್ಯಾಜ್‌ಗೆ ಹೇಳಿದೆ. ಸಾಸೇಜು ಕುಯ್ಯುತ್ತಿದ್ದವನು ಚಾಕು ಕೆಳಗಿಟ್ಟ.

"ನಾನು ಸಾಕ್ಷಿಗೆ ಬೇಡ್ವಾ? ಸೂಟು ಇಸ್ತ್ರಿಗೆ ಕೊಟ್ಟಿದೀನಲ್ಲೇ."

"ನಿನ್ನಿಂದಲ್ಲ ಕಣೋ. ಅಕಾರ್ಡಿಯನ್‌ನಿಂದ."

"ಪಿಟೀಲಾಗಿದ್ರೆ?"

"ಪಿಟೀಲಾಗಿದ್ರೆ ಏರ್ತಿತ್ತಂತೆ. ನಾನೂ ಕೇಳ್ದೆ."

"ಟೆಸ್ಸಾ ಜಡೆ!" ಎಂದ. "ನೀನು ಹಾಕಿದ್ದು ಒಂದೇ ಒಂದ್ಸಲ. ಚರ್ಚಿನ ಬಾಗಿಲಿಗೆ ಹೋಗೋವಷ್ಟರಲ್ಲಿ ಬಿಚ್ಚಿಹೋಗಿತ್ತು."

ಎರಡು ಸಲ. ಬಿಚ್ಚಿಹೋಗಿದ್ದು ಒಂದು ಸಲ ಮಾತ್ರ. ಆದರೆ ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗೆರೆಯ ವಿಷಯ ಪೂರ್ತಿ ವಿವರಿಸಿದ್ದರೆ ಅವನಿಗೂ ಸ್ವಾರಸ್ಯ ಎನಿಸುತ್ತಿತ್ತು. ಬೇಗ ಹೊರಟುಬಿಟ್ಟ.

ಅಕ್ಟೋಬರ್ 18, ಶನಿವಾರ

ಇವತ್ತು ನಾನೇ ಒಂದು ಪ್ರಯೋಗ ಮಾಡಿದೆ. ಕೂದಲು ಕತ್ತರಿಸಿಕೊಳ್ಳಲು ಹೋದಾಗ ಹೇರ್ ಡ್ರೈಯರ್ ಕೆಳಗೆ ಕೂತಿದ್ದ ಇಬ್ಬರಿಗೆ ನನ್ನ ಕಥೆ ಹೇಳಿದೆ. ಒಬ್ಬಳಿಗೆ ಪೆಟ್ಟಿಗೆ ಬಿದ್ದದ್ದನ್ನು ಮೊದಲು, ಅಂಗಡಿಯವರ ತಪ್ಪನ್ನು ಆಮೇಲೆ. ಅವಳು, "ಸದ್ಯ ತಲೆ ಮೇಲೆ ಬೀಳ್ಲಿಲ್ಲ," ಎಂದು ಪತ್ರಿಕೆ ತಿರುವಿದಳು. ಇನ್ನೊಬ್ಬಳಿಗೆ ತಿರುಗಿಸಿ ಹೇಳಿದೆ. ಅಂಗಡಿಯವರು ಬೆಳಗ್ಗೆ ಅವಸರದಲ್ಲಿ ಪಟ್ಟಿ ಕಟ್ಟದೆ ಪೇರಿಸಿದ್ದು ಮೊದಲು, ನಾನು ಅಲ್ಲಿಗೆ ಕಾಲಿಟ್ಟದ್ದು ಕೊನೆಗೆ. ಅವಳು ಅಂಗಡಿಯವರನ್ನು ಬಾಯಿಗೆ ಬಂದಂತೆ ಬೈದಳು! ನಡೆದದ್ದು ಅದೇ, ಮಾತೂ ಅವೇ, ಬದಲಾದದ್ದು ಹೇಳಿದ ಕ್ರಮ ಮಾತ್ರ.

ಮಿಸ್ ಓಡಮ್‌ಗೆ ಫೋನ್ ಮಾಡಿ ಹೇಳಿದೆ. "ಮಿಸೆಸ್ ಪಿಯಾಂಟೆಕ್, ಇದನ್ನ ಕಲಿಯೋಕೆ ನನಗೆ ಐದು ವರ್ಷ ಹಿಡೀತು," ಎಂದರು. ನನಗೆ ಇಡೀ ಸಂಜೆ ಹಾಯೆನಿಸಿತು.

ನವೆಂಬರ್ 12, ಬುಧವಾರ

ಉತ್ತರ ಹೇಳುವ ಅಭ್ಯಾಸ. ಚಿಕ್ಕ ಉತ್ತರಕ್ಕೆ ಗೆರೆ ಏರುತ್ತದೆ, ಉದ್ದ ಉತ್ತರಕ್ಕೆ ಇಳಿಯುತ್ತದೆ. ತಮಾಷೆಗೆ ಇಳಿಯುತ್ತದೆ. ಕೋಪಕ್ಕೆ ಇಳಿಯುತ್ತದೆ. ಅಳುವಿಗೆ ಮೊದಲು ಏರಿ ಆಮೇಲೆ ಪೂರಾ ಇಳಿಯುತ್ತದೆ. ಅಳು ಬಂದೂ ತಡೆದುಕೊಂಡವರಿಗೆ ಎಲ್ಲಕ್ಕಿಂತ ಹೆಚ್ಚು.

ತಡೆದುಕೊಳ್ಳುವುದನ್ನು ಕನ್ನಡಿಯ ಮುಂದೆ ಮಾಡಿ ನೋಡಿದೆ. ಗದ್ದ ಸ್ವಲ್ಪ ಮೇಲೆತ್ತಬೇಕು.

ಡಿಸೆಂಬರ್ 16, ಮಂಗಳವಾರ

ಸರೋವರದ ಕಡೆಯಿಂದ ರಾತ್ರಿಯೆಲ್ಲ ಹಿಮ. ಕ್ಯಾಜ್ ಬಂದು ಮೆಟ್ಟಿಲು ಗುಡಿಸಿಕೊಟ್ಟ. ಚರ್ಚಿನ ಹಾಲಿನ ಕ್ರಿಸ್‌ಮಸ್ ಊಟಕ್ಕೆ ನಾವಿಬ್ಬರೂ ಸೇರಿ ಒಂದು ಅಕಾರ್ಡಿಯನ್ ನುಡಿಸೋಣ ಎಂದ. "ಜನ ಬಿದ್ದು ಬಿದ್ದು ನಗ್ತಾರೆ ಕಣೆ."

ಅದೇ ತೊಂದರೆ. ಎಲ್ಲರ ಕೈಯಲ್ಲೂ ಫೋನು. ನಾನು ನಗುತ್ತಿರುವ ವಿಡಿಯೋ ಎದುರು ಪಕ್ಷದವರ ಕೈಗೆ ಸಿಕ್ಕರೆ ಮುಗಿಯಿತು. ಅದನ್ನೇ ಹೇಳಿದೆ.

"ಹಾಗಾದ್ರೆ ಇಲ್ಲೇ ನುಡಿಸೋಣ. ಪರದೆ ಎಳೆದು."

ಇವತ್ತು ಮನಸ್ಸಿಲ್ಲ ಎಂದೆ. ಮನಸ್ಸು ಇಲ್ಲದ್ದು ನಿಜವೇ. ಮಿಸ್ ಓಡಮ್ ಕಳಿಸಿದ್ದ ಪುಟಗಳು ಓದುವುದಿತ್ತು. ನಮ್ಮ ಕೌಂಟಿಯ ಹಳೆಯ ಜ್ಯೂರಿಗಳು ಯಾವ ಗಾಯಕ್ಕೆ ಹೇಗೆ ತೀರ್ಪು ಕೊಟ್ಟವು ಎಂಬುದು. ಬೆನ್ನಿಗಿಂತ ಕೈಗೆ ಹೆಚ್ಚು ಮರುಕವಂತೆ. ಬೆನ್ನುನೋವು ಯಾರಿಗಿಲ್ಲ?

ಜನವರಿ 14, ಬುಧವಾರ

ಟ್ರಿಬಲ್ ಜೊತೆ ಸಾಕ್ಷ್ಯದ ತಾಲೀಮು. ಚೆನ್ನಾಗಿ ಬಂತು. ಪ್ರತಿ ಭಾನುವಾರ ಪ್ರಾರ್ಥನೆಗೆ ಮೊದಲು ಟೆಸ್ಸಾಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದುದನ್ನು ಹೇಳುವಾಗ ನಿಜಕ್ಕೂ ಅಳು ಬಂತು, ತಡೆದುಕೊಂಡೆ. ಆ ನುಣುಪು ಕೂದಲು, ಕಿವಿಯ ಹಿಂದಿನ ಆ ಸಣ್ಣ ಮಚ್ಚೆ. ಎಷ್ಟೊಂದು ಭಾನುವಾರಗಳು.

"ಪ್ರತಿ ಭಾನುವಾರಾನಾ?" ಎಂದು ಟ್ರಿಬಲ್ ಕಣ್ಣೆತ್ತಿ ಕೇಳಿದರು. "ನೆನಪಿಟ್ಕೊಂಡು ಹೇಳಿ. ನಡೆದದ್ದಷ್ಟನ್ನೇ ಹೇಳಬೇಕು."

"ಭಾನುವಾರಗಳಲ್ಲಿ," ಎಂದೆ.

ಅದನ್ನೇ ಬರೆದುಕೊಂಡರು.

ಮಾರ್ಚ್ 6, ಶುಕ್ರವಾರ

ಚರ್ಚಿನ ಹಾಲಿನಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ, ಮಾಂಸವಿಲ್ಲದ ಶುಕ್ರವಾರದ ಮೀನೂಟ. ಊರಿಗೆ ಊರೇ ಸೇರಿತ್ತು. ಗೋಡೆಗೆ ಬೆನ್ನು ಹಾಕಿ ಕೂತೆ, ಎಲ್ಲರ ಮುಖ ಕಾಣುವ ಹಾಗೆ, ಇವರೆಲ್ಲ ನನ್ನ ಜ್ಯೂರಿಯಾದರೆ ಹೇಗೆ ಎಂದು ಅಳೆಯುತ್ತ. ನಿವೃತ್ತ ನರ್ಸ್ ನನಗೆ ಕಷ್ಟ, ನೋವು ನೋಡಿ ನೋಡಿ ಅವಳಿಗೆ ಯಾರ ನೋವೂ ದೊಡ್ಡದಲ್ಲ. ಇಬ್ಬರು ಹೆಣ್ಣುಮಕ್ಕಳ ತಂದೆಯಾದ ಪ್ಲಂಬರ್ ಒಳ್ಳೆಯವನು. ಪಾದ್ರಿಗಳು? ಕ್ಷಮಿಸಿಬಿಡಿ ಎನ್ನುತ್ತಾರೆ, ಬೇಡವೇ ಬೇಡ.

ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಮೀನು ಆರಿಹೋಗಿತ್ತು. ಕ್ಯಾಜ್ ವೇದಿಕೆಯ ಮೇಲೆ ಒಬ್ಬನೇ ಡ್ರಮ್ ಹಿಡಿದು ಯಾವುದೋ ರೆಕಾರ್ಡಿಗೆ ತಾಳ ಹಾಕುತ್ತಿದ್ದ. ನನ್ನ ಕಡೆ ಕೈ ಬೀಸಿದನಂತೆ, ಆಮೇಲೆ ಯಾರೋ ಹೇಳಿದರು.

ಮಾರ್ಚ್ 16, ಸೋಮವಾರ

ಜ್ಯೂರಿ ಆಯ್ಕೆ. ನನ್ನ ಬದುಕಿನ ಅತ್ಯಂತ ಸ್ವಾರಸ್ಯದ ದಿನಗಳಲ್ಲಿ ಒಂದು.

ಸಾಲಾಗಿ ಕೂತ ಜನರಿಗೆ ಎರಡೂ ಕಡೆಯ ವಕೀಲರು ಪ್ರಶ್ನೆ ಹಾಕಿ, ತಮಗೆ ಬೇಡವೆನಿಸಿದ ಕೆಲವರನ್ನು ಕೈಬಿಡಿಸುತ್ತಾರೆ. ಯಾವತ್ತಾದರೂ ಅಂಗಡಿಯಲ್ಲಿ ಕೆಲಸ ಮಾಡಿದ್ದೀರಾ, ಮನೆಯಲ್ಲಿ ಯಾರಿಗಾದರೂ ದೊಡ್ಡ ಗಾಯ ಆಗಿತ್ತೇ. ಮಿಸ್ ಓಡಮ್ ಹಿಂದೆ ಕೂತು ಟ್ರಿಬಲ್‌ಗೆ ಚೀಟಿ ದಾಟಿಸುತ್ತಿದ್ದರು. ಮೂರನೇ ಸಾಲಿನಲ್ಲಿ ನನ್ನ ವಯಸ್ಸಿನ ವಿಧವೆಯೊಬ್ಬಳಿದ್ದಳು. ನಗುಮುಖ, ಮಾತಿನ ಮಲ್ಲಿ. ಮಂಡಿಯ ಆಪರೇಶನ್ ಆಗಿದ್ದರೂ ಚರ್ಚಿನಲ್ಲಿ ಹಾಡುತ್ತಾಳಂತೆ. ನ್ಯಾಯಾಧೀಶರನ್ನೂ ನಗಿಸಿದಳು. ನಾನು ಬಗ್ಗಿ ಟ್ರಿಬಲ್ ಕಿವಿಯಲ್ಲಿ, "ಇವಳು ಬೇಡ," ಎಂದೆ. ಅದೇ ಗಳಿಗೆಗೆ ಮಿಸ್ ಓಡಮ್ ಚೀಟಿಯೂ ಬಂತು, ಅದೇ ಮಾತು.

ಅವಳು ಕೈಚೀಲ ಎತ್ತಿಕೊಂಡು ಹೊರಗೆ ಹೋಗುವಾಗ ನನ್ನ ನೋಡಿ ನಕ್ಕಳು. ಬೇರೆಲ್ಲಾದರೂ ಸಿಕ್ಕಿದ್ದರೆ ಗೆಳತಿಯಾಗುತ್ತಿದ್ದಳೇನೋ.

ಮಾರ್ಚ್ 18, ಬುಧವಾರ

ನಾನು ಕಟಕಟೆ ಹತ್ತಿದೆ. ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ಎಡಗೈ ಎತ್ತಬೇಕಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚನೆ ಬಂತು. ಹೇಳಲಿಲ್ಲ, ತಮಾಷೆಗೆ ಗೆರೆ ಇಳಿಯುತ್ತದೆ.

ಟ್ರಿಬಲ್ ಪ್ರಶ್ನೆಗಳು ಸರಾಗವಾಗಿ ಮುಗಿದವು. ಜಡೆಯ ಮಾತಿಗೆ ಜ್ಯೂರಿಯ ಎರಡನೇ ಕುರ್ಚಿಯ ಗಂಡಸು ತನ್ನ ಕೈಗಳನ್ನೇ ನೋಡಿಕೊಂಡ. ಅಲ್ಲಿ ಗುಬುಟು ಇರಲಿಲ್ಲ, ಆದರೂ ಹಸಿರು ಗೆರೆ ನನಗೆ ಚೆನ್ನಾಗಿ ಕಾಣುತ್ತಿತ್ತು.

ಆಮೇಲೆ ಪಾಟೀಸವಾಲು. ಎದುರು ಪಕ್ಷದ ವಕೀಲೆ ತೆಳ್ಳಗಿನ ಹೆಂಗಸು, ದನಿ ಸಕ್ಕರೆ.

"ಮಿಸೆಸ್ ಪಿಯಾಂಟೆಕ್, ಮನೆ ನೀವೇ ನೋಡ್ಕೊತೀರಿ?"

"ಹೌದು."

"ಕಾರು ನೀವೇ ಓಡಿಸ್ತೀರಿ?"

"ಹೌದು."

"ಹಾಗಾದ್ರೆ ಮಗುವಿನ ಜಡೆ, ಮೇಲಿನ ಕಪಾಟು, ಹಿಮ ಬಾಚೋದು. ಇಷ್ಟನ್ನ ಬಿಟ್ಟು, ಈ ಗಾಯದಿಂದ ನೀವು ಬಿಟ್ಟುಕೊಟ್ಟದ್ದು ಬದುಕಿನಲ್ಲಿ ಬೇರೇನೂ ಇಲ್ಲ. ಅಲ್ವಾ?"

ಟ್ರಿಬಲ್ ಪೆನ್ನು ನಿಂತಿತು. ಈ ಪ್ರಶ್ನೆ ತಾಲೀಮಿನಲ್ಲಿ ಇರಲಿಲ್ಲ. ಆದರೆ ನನಗೆ ಗಾಬರಿಯೇನೂ ಆಗಲಿಲ್ಲ. ಉದ್ದ ಉತ್ತರಕ್ಕೆ ಏನಾಗುತ್ತದೆಂದು ಗೊತ್ತಿತ್ತು. ಗದ್ದ ಸ್ವಲ್ಪ ಮೇಲೆತ್ತಿದೆ.

"ಬೇರೇನೂ ಇಲ್ಲ," ಎಂದೆ.

ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಸೂಟಿನಲ್ಲಿ ಕೂತಿದ್ದ ಕ್ಯಾಜ್ ಎದ್ದು ಹೊರಗೆ ಹೋದ. ಸಿಗರೇಟಿಗಿರಬೇಕು. ಇಲ್ಲವೇ ಕಾರು ನಿಲ್ಲಿಸಿದ ಹೊತ್ತು ಮೀರಿತ್ತೇನೋ. ಸಂಜೆ ಟ್ರಿಬಲ್ ನನ್ನನ್ನು ಮನೆಗೆ ಬಿಟ್ಟರು.

ಮಾರ್ಚ್ 20, ಶುಕ್ರವಾರ

ಗೆದ್ದೆವು. ಕೇಳಿದ್ದಕ್ಕಿಂತ ಕಡಿಮೆ, ಟ್ರಿಬಲ್ ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚು. ಅವರು ನನ್ನನ್ನು ಅಪ್ಪಿಕೊಂಡರು, ಎಡಗಡೆಯಿಂದ. ನೋವಾಯಿತು.

ಕ್ಯಾಜ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸುದ್ದಿ ಹೇಗೂ ತಿಳಿದಿರುತ್ತದೆ.

ಏಪ್ರಿಲ್ 11, ಶನಿವಾರ

ಕೇಸು ಮುಗಿದ ಮೇಲೆ ಜ್ಯೂರಿಯಲ್ಲಿದ್ದವರಿಗೆ ಫೋನ್ ಮಾಡಿ, ಒಪ್ಪಿದವರನ್ನು ಮಾತಾಡಿಸುತ್ತಾರೆ. ಮುಂದಿನ ಕೇಸುಗಳಿಗೆ ಬೇಕಾಗುತ್ತದೆ. ನನಗೂ ಕೇಳಬೇಕು ಎಂದೆ. ಮಿಸ್ ಓಡಮ್ ತಮ್ಮ ಕೋಣೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಎರಡನೇ ಕುರ್ಚಿಯ ಗಂಡಸು ಫೋನಿನಲ್ಲಿ ಧಾರಾಳವಾಗಿ ಮಾತಾಡಿದ. ಮೊದಲು ನಾಲ್ಕು ಜನ ಏನೂ ಕೊಡುವುದು ಬೇಡ ಎಂದಿದ್ದರಂತೆ.

"ಮತ್ತೆ ಏನು ಬದಲಾಯ್ತು?" ಎಂದರು ಮಿಸ್ ಓಡಮ್.

"ಆ ವಕೀಲೆ ಕೇಳಿದ್ಲಲ್ಲ, ಬೇರೇನೂ ಇಲ್ವಾ ಅಂತ. ಆಯಮ್ಮ ಇಲ್ಲ ಅಂದ್ರು. ನಮಗೆಲ್ಲ ಕರುಳು ಚುರ್ ಅಂತು ಕಣ್ರೀ. ಅರವತ್ತು ವರ್ಷದ ಹೆಂಗಸು. ಒಂದು ಮಗುವಿನ ಜಡೆ ಬಿಟ್ರೆ ಬದುಕಲ್ಲಿ ಬೇರೇನೂ ಇಲ್ಲ. ಅದನ್ನೂ ಅವರು ಕಿತ್ಕೊಂಡ್ರಲ್ಲ ಅನ್ನಿಸ್ತು."

ಮಿಸ್ ಓಡಮ್ ಅದರ ಕೆಳಗೆ ಎರಡು ಗೆರೆ ಎಳೆದರು. ಫೋನ್ ಇಟ್ಟ ಮೇಲೆ ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದರು. "ನೀವು ಚೆನ್ನಾಗಿದೀರಾ?" ಎಂದು ಕೇಳಿದರು. ಚೆನ್ನಾಗಿಯೇ ಇದ್ದೆ. ನಾಲ್ಕು ಜನರ ಮನಸ್ಸನ್ನು ಎರಡು ಮಾತು ತಿರುಗಿಸಿತಲ್ಲ ಎಂದು ಬೆರಗಾಗಿದ್ದೆ, ಅಷ್ಟೇ.

ಹೊರಡುವಾಗ ನಾನೇ ಕೇಳಿದೆ, ಅಣಕು ಜ್ಯೂರಿ ಇರುವ ದಿನಗಳಲ್ಲಿ ಬಂದು ಸಹಾಯ ಮಾಡಬಹುದೇ ಎಂದು. ಯೋಚಿಸಿ, ಹೂಂ ಎಂದರು.

ಮೇ 2, ಶನಿವಾರ

ಮೊದಲ ದಿನದ ಕೆಲಸ. ಸೇತುವೆಯಿಂದ ಬಿದ್ದು ಸೊಂಟ ಮುರಿದುಕೊಂಡವನ ಕೇಸು, ಪಾರಿವಾಳ ಸಾಕುತ್ತಾನಂತೆ. ಪಾರಿವಾಳ ಎಂದಾಗ ಇಳಿಯಿತು. ಇಳಿಯುತ್ತದೆಂದು ನಾನು ಮೊದಲೇ ಹೇಳಿದ್ದೆ.

ಮೇ 17, ಭಾನುವಾರ

ಎಷ್ಟೋ ವಾರಗಳ ಮೇಲೆ ಕ್ಯಾಜ್ ಫೋನ್ ಮಾಡಿದ. ಬ್ಯಾಂಡಿಗೆ ಬಫಲೋದಿಂದ ಹೊಸ ಅಕಾರ್ಡಿಯನ್‌ನವನು ಸಿಕ್ಕಿದ್ದಾನಂತೆ, ಮಧ್ಯಾಹ್ನ ಚರ್ಚಿನ ಹಾಲಿನಲ್ಲಿ ಮೊದಲ ಸಲ ನುಡಿಸುತ್ತಾನಂತೆ. "ಬಂದು ಕೂತು ಕೇಳು ಸಾಕು. ಇನ್ನೇನೂ ಕೇಳಲ್ಲ ನಿನ್ನ." ತಾನೇ ಕಾರಿನಲ್ಲಿ ಕರೆದುಕೊಂಡು ಹೋದ.

ಹಿಂದಿನ ಗೋಡೆಯ ಹತ್ತಿರ ಕೂತೆ. ಮೊದಲ ಪೋಲ್ಕಾ ಕುಣಿತದ ಹಾಡಿಗೆ ಹಾಲೆಲ್ಲ ಎದ್ದು ಕುಣಿಯಿತು. ಎರಡನೆಯದಕ್ಕೆ ಅರ್ಧ ಜನ. ಮೂರನೆಯದು ನಿಧಾನದ್ದು. ಚೌಕಳಿ ಶರ್ಟಿನವನು ಬಿಯರ್ ತರಲು ಎದ್ದ, ಕಿಟಕಿ ಪಕ್ಕದ ಇಬ್ಬರು ಹೆಂಗಸರು ಮಾತಿಗಿಳಿದರು, ಒಬ್ಬ ಮುದುಕ ಕೈಗಡಿಯಾರ ನೋಡಿದ. ನಾಲ್ಕನೆಯದಕ್ಕೆ ಮತ್ತೆ ಏರಿತು.

ಮುಗಿದ ಮೇಲೆ ಕಾರಿನಲ್ಲಿ ಕೂತು ಕ್ಯಾಜ್, "ಹೇಗಿತ್ತೇ?" ಎಂದ. ಕೀಲಿ ಕೈಯಲ್ಲೇ ಇತ್ತು.

"ಆತ ಚೆನ್ನಾಗಿ ನುಡಿಸ್ತಾನೆ. ಮೂರನೇದು ತೆಗೆದುಬಿಡು. ಅಲ್ಲಿ ಜನ ಕೈ ಬಿಟ್ಟೋಗ್ತಾರೆ."

"ಮೂರನೇದು ಯಾವುದು ಹೇಳು."

"ಆ ನಿಧಾನದ ವಾಲ್ಟ್ಸ್."

"ಲೋರಿ, ಅಮ್ಮನ ಹಾಡು ಕಣೆ ಅದು. ನೀನು ಬರ್ತೀಯ ಅಂತ ಹಾಕಿಸ್ದೆ. ಪಾಪ, ಅವನು ಎರಡು ವಾರ ಕೂತು ಕಲಿತ."

"ಗೊತ್ತು. ಆದ್ರೂ ಜನ ಎದ್ದುಹೋದ್ರು, ಕ್ಯಾಜ್."

"ನೀನು ಏನ್ ಮಾಡ್ತಿದ್ದೆ ಆಗ?"

"ಜನರನ್ನ ನೋಡ್ತಿದ್ದೆ."

ಅವನು ಕಾರು ಹೊರಡಿಸಿದ. ಮನೆ ಬಾಗಿಲಲ್ಲಿ ಇಳಿಸಿ, ಎಂಜಿನ್ ಆರಿಸದೆ, ಹಾಗೇ ತಿರುಗಿಸಿಕೊಂಡು ಹೋದ.

ಚಹಾಕ್ಕೆ ನೀರಿಟ್ಟೆ. ಗೊತ್ತು ಎಂದೆನಲ್ಲ, ಅವನು ಹೇಳುವ ಮೊದಲು ಗೊತ್ತಿತ್ತೇ? ಅಮ್ಮ ಪಿಯೆರೋಗಿ ಕಡುಬಿನ ಹಿಟ್ಟು ಲಟ್ಟಿಸುತ್ತ ಹಾಡುತ್ತಿದ್ದ ಹಾಡು. ಅವಳನ್ನು ಮಣ್ಣು ಮಾಡಿ ಬಂದ ದಿನ ನಾನೇ ಅದನ್ನು ನುಡಿಸಿದ್ದೆ, ಕ್ಯಾಜ್ ಕುಂಚದಿಂದ ಡ್ರಮ್ ಸವರುತ್ತ ತಾಳ ಕೊಟ್ಟಿದ್ದ. ಅದೆಲ್ಲ ನೆನಪಿದೆ. ಇವತ್ತು ಆ ಹಾಡಿಗೆ ಯಾರು ಎದ್ದರು, ಯಾರು ಗಡಿಯಾರ ನೋಡಿದರು, ಯಾವ ಹೊತ್ತಿಗೆ ನೋಡಿದರು, ಅದೂ ನೆನಪಿದೆ. ಹಾಡು ಬರುತ್ತಿಲ್ಲ.

ಗುನುಗಲು ಹೋದೆ, ಮೊದಲ ಪೋಲ್ಕಾ ಬಂತು. ಬಲಗೈ ಬೆರಳನ್ನು ಮೇಜಿನ ಅಂಚಿನ ಮೇಲಿಟ್ಟೆ. ಎಲ್ಲಿಂದ ಶುರು ಮಾಡಬೇಕೆಂದು ಬೆರಳಿಗೂ ಗೊತ್ತಾಗಲಿಲ್ಲ. ನೀರು ಕುದಿದು ಕುದಿದು ಇಂಗಿತು.

ಕ್ಯಾಜ್‌ಗೆ ಫೋನ್ ಮಾಡಿದೆ. ಎತ್ತಿದ.

"ಹೇಳು."

"ಅಮ್ಮನ ಹಾಡು ಹೇಗೆ ಶುರುವಾಗುತ್ತೆ?"

ಅವನ ಮನೆಯ ಟಿವಿಯಲ್ಲಿ ಬೇಸ್‌ಬಾಲ್ ಕೇಳಿಸುತ್ತಿತ್ತು. ಅದು ಆರಿತು. ನಗುತ್ತಾನೆಂದುಕೊಂಡೆ, ಬೈಯುತ್ತಾನೆಂದುಕೊಂಡೆ. ಎರಡೂ ಇಲ್ಲ. ಗಂಟಲು ಸರಿಮಾಡಿಕೊಂಡ. ಆಮೇಲೆ ಆ ಹೊಗೆ ಹಿಡಿದ ದನಿಯಲ್ಲಿ, ಯಾವತ್ತಿನಂತೆ ಅರ್ಧ ಸ್ವರ ಕೆಳಗೆ, ಗುನುಗತೊಡಗಿದ.

ಮೊದಲ ಸಾಲು ಮುಗಿಯುವ ಮುಂಚೆಯೇ ಗದ್ದ ಮೇಲೆತ್ತಲು ನೋಡಿದೆ. ಸಾಧ್ಯವಾಗಲಿಲ್ಲ.

"ಸಾಕು ಕಣೋ, ನೆನಪಾಯ್ತು," ಎಂದೆ.

ಅವನು ನಿಲ್ಲಿಸಲಿಲ್ಲ.